ನದಿ ನಮ್ಮದು, ವಾದ ಬಾಡಿಗೆಯದು

ವಿಜಯಪುರದಿಂದ ಪಶ್ಚಿಮಕ್ಕೆ ಅಥಣಿಯ ದಾರಿ ಹಿಡಿದರೆ ಮೊದಲು ತೊರವಿ, ಬಳಿಕ ತಿಕೋಟಾ. ಈ ತೊರವಿಯಿಂದಲೇ ಆದಿಲ್‌ಶಾಹಿಗಳು ನೆಲದಡಿಯಲ್ಲಿ ಕಾಲುವೆ ತೋಡಿ ನಗರಕ್ಕೆ ನೀರು ತಂದಿದ್ದರು. ನಗರದೊಳಗೆ ತಾಜ್ ಬಾವಡಿ, ಚಾಂದ್ ಬಾವಡಿ. ದಕ್ಷಿಣಕ್ಕೆ 1651ರಲ್ಲಿ ಮುಹಮ್ಮದ್ ಆದಿಲ್‌ಶಾ ಕಟ್ಟಿಸಿದ ಬೇಗಂ ತಾಲಾಬ್. ಬಬಲೇಶ್ವರ ತಾಲೂಕಿನಲ್ಲಿ ಅವನ ಹೆಸರನ್ನೇ ಹೊತ್ತ ಮಮದಾಪುರದ ಕೆರೆಗಳು. ಮಳೆ ಕೈಕೊಡುವ ಈ ಸೀಮೆಯಲ್ಲಿ ನೀರು ಒದಗಿಸುವುದೇ ರಾಜ್ಯಭಾರದ ಮೊದಲ ಕೆಲಸವೆಂದು ಅಂದು ಆಳುವವರಿಗೆ ಗೊತ್ತಿತ್ತು. ಇಂದಿನವರಿಗೂ ಗೊತ್ತಿಲ್ಲವೆಂದಲ್ಲ. ಆದರೆ ಇಂದು ತಿಕೋಟಾದ ದ್ರಾಕ್ಷಿ ತೋಟಕ್ಕೆ, ಬಬಲೇಶ್ವರದ ಜೋಳದ ಹೊಲಕ್ಕೆ ಬರಬೇಕಾದ ಕೃಷ್ಣೆಯ ನೀರು ಮೊದಲು ದಿಲ್ಲಿಯ ನ್ಯಾಯಾಲಯದಲ್ಲಿ ಗೆದ್ದು ಬರಬೇಕಾಗಿದೆ. ಅಲ್ಲಿ ನಮ್ಮ ಪರವಾಗಿ ಮಾತಾಡುವವರಿಗೆ ನಾವು ಎಷ್ಟು ಕೊಟ್ಟೆವು, ಕೊಟ್ಟದ್ದಕ್ಕೆ ಏನು ಪಡೆದೆವು ಎಂದು ಕೇಳುವುದು ತಪ್ಪೇ?

ಈ ಪತ್ರಿಕೆಯ ಪುಟಗಳಲ್ಲಿ ನದಿ ವ್ಯಾಜ್ಯದ ವಕೀಲರ ಫೀಸಿನ ಮಾತೇಕೆ ಎಂದು ಕೆಲವು ಓದುಗರು ಹುಬ್ಬೇರಿಸಬಹುದು. ಅಲ್ಪಸಂಖ್ಯಾತರ ಪತ್ರಿಕೆಯೆಂದರೆ ಮೀಸಲಾತಿ, ವಕ್ಫ್, ಗಲಭೆ ಇಷ್ಟನ್ನೇ ಬರೆಯಬೇಕೆಂಬ ಕಟ್ಟಳೆಯನ್ನು ನಾವು ಒಪ್ಪಿಕೊಂಡಿಲ್ಲ. ಹಳೆಯ ಕೊಲ್ಹಾರ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದಾಗ ಗುಡಿಯ ಜೊತೆಗೆ ಮಸೀದಿಯೂ, ಗೌಡರ ಹೊಲದ ಜೊತೆಗೆ ನದಾಫರ ಹೊಲವೂ ಹೋಯಿತು. ಬೊಕ್ಕಸದಲ್ಲಿ ಎಲ್ಲರ ದುಡ್ಡಿದೆ. ಅದರ ಲೆಕ್ಕ ಕೇಳುವ ಹಕ್ಕೂ ಎಲ್ಲರದು.

ಲೆಕ್ಕ ಹೊರಬಂದ ಬಗೆಯೇ ಒಂದು ಕಥೆ. ಕಾವೇರಿ ನ್ಯಾಯಮಂಡಳಿ ರಚನೆಯಾದ 1990ರಿಂದ 2017ರವರೆಗೆ ಅಂತರರಾಜ್ಯ ನದಿ ವ್ಯಾಜ್ಯಗಳ ವಕೀಲರಿಗಾಗಿ ಕರ್ನಾಟಕ ಸರಕಾರ 122 ಕೋಟಿ ರೂಪಾಯಿಗೂ ಹೆಚ್ಚು ಖರ್ಚು ಮಾಡಿದೆ. ಕಾವೇರಿಗೆ ಸುಮಾರು 54 ಕೋಟಿ, ಕೃಷ್ಣೆಗೆ 43 ಕೋಟಿ, ಮಹದಾಯಿಗೆ 25 ಕೋಟಿ. ಇದನ್ನು ಯಾವ ಮಂತ್ರಿಯೂ ತಾನಾಗಿ ಜನರ ಮುಂದಿಟ್ಟಿರಲಿಲ್ಲ. ಬೆಳಗಾವಿ ಜಿಲ್ಲೆಯ ಮೂಡಲಗಿಯ ಭೀಮಪ್ಪ ಗಡಾದ ಎಂಬ ಕಾರ್ಯಕರ್ತರು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಹೊರತೆಗೆದ ಅಂಕಿಗಳಿವು. 2005ರ ಆ ಕಾಯ್ದೆ ಇಲ್ಲದಿದ್ದರೆ ಇಂದಿಗೂ ಕಡತದಲ್ಲೇ ಮಲಗಿರುತ್ತಿದ್ದವು. ಒಂದು ಹಳ್ಳಿಗೆ ಕೈಪಂಪು ಹಾಕಿಸಿದರೂ ಫಲಕ ನೆಟ್ಟು ಹೆಸರು ಕೆತ್ತಿಸುವ ನಮ್ಮ ರಾಜಕಾರಣಿಗಳು ಈ ಖರ್ಚಿನ ವಿಷಯದಲ್ಲಿ ಮಾತ್ರ ಎಷ್ಟು ಸಂಕೋಚದವರು!

ಸರಕಾರದ ಪರವಾಗಿ ಬರುವ ಉತ್ತರ ನಮಗೆ ಗೊತ್ತಿದೆ. ಮಹಾರಾಷ್ಟ್ರ, ಆಂಧ್ರಗಳು ದೇಶದ ಅತಿರಥರನ್ನು ಕಣಕ್ಕಿಳಿಸಿರುವಾಗ ನಾವು ಮಾತು ಬಾರದವರನ್ನು ಕಳಿಸಲಾಗುತ್ತದೆಯೇ? ಒಂದು ಟಿಎಂಸಿ ನೀರಿನ ಬೆಲೆಯ ಮುಂದೆ 43 ಕೋಟಿ ಯಾವ ಲೆಕ್ಕ? ಈ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಬಚಾವತ್ ನ್ಯಾಯಮಂಡಳಿ 1973ರಲ್ಲಿ ಕರ್ನಾಟಕಕ್ಕೆ 700 ಟಿಎಂಸಿ ಕೊಟ್ಟಿತ್ತು. 2004ರಲ್ಲಿ ರಚನೆಯಾದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರ್ 30ರಂದು ಅದನ್ನು 911ಕ್ಕೆ ಏರಿಸಿತು, 2013ರ ವರದಿಯಲ್ಲಿ 907 ಎಂದು ತಿದ್ದಿತು. ಆಲಮಟ್ಟಿಯನ್ನು 519.60 ಮೀಟರಿನಿಂದ 524.256 ಮೀಟರಿಗೆ ಎತ್ತರಿಸಲೂ ಒಪ್ಪಿಗೆ ಸಿಕ್ಕಿತು. ಇದು ಪುಕ್ಕಟೆಯಾಗಿ ಸಿಕ್ಕಿದ್ದಲ್ಲ. ಫಾಲಿ ನಾರಿಮನ್ ಮೂರು ದಶಕಗಳಿಗೂ ಹೆಚ್ಚು ಕಾಲ ನಮ್ಮ ನದಿಗಳಿಗಾಗಿ ವಾದಿಸಿದರು. 2024ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಈ ರಾಜ್ಯ ಅವರಿಗೆ ಋಣಿಯಾಗಿತ್ತೆಂದು ಹೇಳಲು ನಮಗೆ ಹಿಂಜರಿಕೆಯಿಲ್ಲ.

ನಮ್ಮ ತಕರಾರು ವಕೀಲರ ಮೇಲಲ್ಲ, ಕಕ್ಷಿದಾರನ ಮೇಲೆ.

ನ್ಯಾಯಮಂಡಳಿಯ ತೀರ್ಪು ಕೇಂದ್ರದ ಗೆಜೆಟ್‌ನಲ್ಲಿ ಪ್ರಕಟವಾದಾಗ ಮಾತ್ರ ಜಾರಿಗೆ ಬರುತ್ತದೆ. ಆಂಧ್ರದ ಅರ್ಜಿಯ ಮೇರೆಗೆ ಸುಪ್ರೀಂ ಕೋರ್ಟ್ 2011ರ ಸೆಪ್ಟೆಂಬರ್ 16ರಂದು ಪ್ರಕಟಣೆಯನ್ನು ತಡೆಹಿಡಿಯಿತು. ಅಂದಿನಿಂದ ಪಕ್ಷಗಳು ಬದಲಾದವು, ಮುಖ್ಯಮಂತ್ರಿಗಳು ಬದಲಾದರು, ಆಂಧ್ರವೇ ಎರಡಾಯಿತು. 2022ರ ಜನವರಿಯಲ್ಲಿ ಪ್ರಕರಣ ವಿಚಾರಣೆಗೆ ಬಂದಾಗ ಪೀಠದ ಇಬ್ಬರು ನ್ಯಾಯಮೂರ್ತಿಗಳು, ಒಬ್ಬರು ಮಹಾರಾಷ್ಟ್ರದವರು, ಇನ್ನೊಬ್ಬರು ಕರ್ನಾಟಕದವರು, ತಾವು ಈ ವಿಷಯ ಕೇಳುವುದು ಸರಿಯಲ್ಲವೆಂದು ಹಿಂದೆ ಸರಿದರು. ಅವರ ನಡೆ ಸರಿಯೇ. ಆದರೆ ಪೀಠದಲ್ಲಿ ಯಾರಿದ್ದಾರೆ, ಅವರು ಯಾವ ರಾಜ್ಯದವರು ಎಂಬುದು ಮೊದಲೇ ತಿಳಿಯದ ಸಂಗತಿಯಲ್ಲವಲ್ಲ! ವಿಚಾರಣೆ ನಡೆಯದ ದಿನಕ್ಕೂ ಸಿದ್ಧತೆ ಬೇಕು, ಸಮಾಲೋಚನೆ ಬೇಕು, ವಿಮಾನದ ಟಿಕೇಟು ಬೇಕು. ಹಿರಿಯ ವಕೀಲರ ಬಿಲ್ಲಿನಲ್ಲಿ ಕೋರ್ಟಿನಲ್ಲಿ ನಿಂತದ್ದಕ್ಕೆ ಒಂದು ಸಾಲು, ಕಡತ ಓದಿದ್ದಕ್ಕೆ ಒಂದು ಸಾಲು, ಸಭೆ ಸೇರಿದ್ದಕ್ಕೆ ಇನ್ನೊಂದು ಸಾಲು ಇರುತ್ತದೆ. ಅವರ ವೃತ್ತಿಯ ಪದ್ಧತಿಯೇ ಅದು. ಮುಂದೂಡಿಕೆಯ ಒಂದೊಂದು ದಿನದ ಬೆಲೆಯನ್ನು ಲೆಕ್ಕ ಹಾಕಬೇಕಾದವನು ಫೀಸು ಕೊಡುವವನು.

ಆ ಬೆಲೆ ಫೀಸಿನಲ್ಲಷ್ಟೇ ಇಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತಕ್ಕೆ ಮೊದಲು ಹಾಕಿದ ಅಂದಾಜು 17,207 ಕೋಟಿ. ಬಳಿಕ ಅದು 51,148 ಕೋಟಿಯಾಯಿತು. 2025ರಲ್ಲಿ ಸರಕಾರದ ಬಾಯಲ್ಲೇ 70,000 ಕೋಟಿಯ ಮಾತು ಬಂತು. ತಡವಾದಷ್ಟೂ ಭೂಮಿಯ ಬೆಲೆ ಏರಿತು, ಸಿಮೆಂಟಿನ ಬೆಲೆ ಏರಿತು. ವಕೀಲರ 43 ಕೋಟಿ ಚಿಕ್ಕದೆನ್ನುವವರು ತಡದಿಂದಾದ ಈ ನಷ್ಟವನ್ನೂ ಪಕ್ಕದಲ್ಲಿಟ್ಟು ನೋಡಲಿ.

ಇನ್ನೊಂದು ಪ್ರಶ್ನೆ. 1969ರಲ್ಲಿ ಮೊದಲ ಕೃಷ್ಣಾ ನ್ಯಾಯಮಂಡಳಿ ರಚನೆಯಾಗಿ ಅರ್ಧ ಶತಮಾನ ದಾಟಿತು. ಇಷ್ಟು ವರ್ಷ ಒಂದೇ ನದಿಯ ಮೇಲೆ ಕಾದಾಡಿದ ರಾಜ್ಯದಲ್ಲಿ ನದಿ ಕಾನೂನಿನ ತಜ್ಞರ ಒಂದು ಪಡೆಯೇ ಇರಬೇಕಿತ್ತು. ದೇಶಕ್ಕೇ ಮಾದರಿಯೆನಿಸಿದ ರಾಷ್ಟ್ರೀಯ ಕಾನೂನು ಶಾಲೆ ಬೆಂಗಳೂರಿನಲ್ಲಿದೆ. ಹುಬ್ಬಳ್ಳಿಯಲ್ಲಿ 2009ರಿಂದ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ. ಧಾರವಾಡದಲ್ಲಿ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಯಿದೆ. ಈ ಮೂರನ್ನೂ ಒಂದೇ ಮೇಜಿಗೆ ಕರೆತಂದು ಹತ್ತಿಪ್ಪತ್ತು ಯುವ ವಕೀಲರನ್ನು ನೀರಿನ ವ್ಯಾಜ್ಯಕ್ಕೆಂದೇ ತಯಾರು ಮಾಡಲು 43 ಕೋಟಿಯಲ್ಲಿ ಎಷ್ಟು ಪಾಲು ಸಾಕಾಗುತ್ತಿತ್ತು? ದಿಲ್ಲಿಯ ಹಿರಿಯರಿಗೆ ನದಿಯ ಅಂಕಿ ಅಂಶ ಒದಗಿಸುವವರು ನಮ್ಮ ಜಲಸಂಪನ್ಮೂಲ ಇಲಾಖೆಯ ಇಂಜಿನಿಯರುಗಳೇ. ಅವರು ನಿವೃತ್ತರಾಗುವಾಗ ಆ ತಿಳಿವಳಿಕೆಯೂ ಹಾರ ತುರಾಯಿಯೊಂದಿಗೆ ಮನೆಗೆ ಹೋಗುತ್ತದೆ. ಉಳಿಯುವುದು ಬಿಲ್ಲು ಮಾತ್ರ.

ಬಾಡಿಗೆಯ ವಾದವನ್ನೇ ನಂಬಿ ಕೂತರೆ ಏನಾಗುತ್ತದೆಂದು 2016ರಲ್ಲಿ ಕಂಡಿದ್ದೇವೆ. ಕಾವೇರಿ ನೀರು ಬಿಡಬೇಕೆಂಬ ಸುಪ್ರೀಂ ಕೋರ್ಟಿನ ಆದೇಶವನ್ನು ರಾಜ್ಯ ಪಾಲಿಸದಿದ್ದಾಗ, ಈ ಸ್ಥಿತಿಯಲ್ಲಿ ನಾನು ವಾದಿಸಲಾರೆ ಎಂದು ನಾರಿಮನ್ ನ್ಯಾಯಾಲಯಕ್ಕೆ ತಿಳಿಸಿದರು. ಅವರ ವೃತ್ತಿಧರ್ಮಕ್ಕೆ ತಲೆಬಾಗುತ್ತೇವೆ. ಆದರೆ ಒಬ್ಬ ವಕೀಲರು ಬಾಯಿ ಮುಚ್ಚಿದರೆ ಆರು ಕೋಟಿ ಜನರ ರಾಜ್ಯ ತಬ್ಬಿಬ್ಬಾಗಬೇಕೇ? ಅಂದು ಜಲಸಂಪನ್ಮೂಲ ಸಚಿವರಾಗಿದ್ದವರು ಇದೇ ಬಬಲೇಶ್ವರದ ಶಾಸಕ ಎಂ.ಬಿ. ಪಾಟೀಲರು. ತಮ್ಮ ಕ್ಷೇತ್ರಕ್ಕೆ ತುಬಚಿ-ಬಬಲೇಶ್ವರ ಏತ ನೀರಾವರಿ ತಂದವರೆಂದು ಅವರನ್ನು ಇಲ್ಲಿಯ ರೈತರು ಮೆಚ್ಚುತ್ತಾರೆ. ಬರಗಾಲದಲ್ಲಿ ಟ್ಯಾಂಕರಿನಿಂದ ದ್ರಾಕ್ಷಿ ಬಳ್ಳಿ ಉಳಿಸಿಕೊಂಡವರಿಗೆ ಕಾಲುವೆ ನೀರಿನ ಬೆಲೆ ಗೊತ್ತು. ಆ ಮೆಚ್ಚುಗೆಯನ್ನು ನಾವು ಹಗುರ ಮಾಡುವುದಿಲ್ಲ. ಆದರೆ 2013ರಿಂದ 2018ರವರೆಗೆ ಆ ಕುರ್ಚಿಯಲ್ಲಿದ್ದವರೂ, ಅವರ ಹಿಂದೆ ಮುಂದೆ ಇದ್ದ ಎಲ್ಲ ಪಕ್ಷದವರೂ ಕಾಲುವೆ ಕಟ್ಟಿದ ಉತ್ಸಾಹದ ಕಾಲು ಭಾಗವನ್ನು ರಾಜ್ಯದ ಸ್ವಂತ ಕಾನೂನು ಬಲ ಕಟ್ಟುವುದಕ್ಕೆ ತೋರಿದ್ದರೆ!

ಇದು ನಮ್ಮೊಬ್ಬರ ರೋಗವಲ್ಲ. ಎಲ್ಲವನ್ನೂ ಹೊರಗಿನವರಿಗೆ ಗುತ್ತಿಗೆ ಕೊಡುವ ಉದಾರೀಕರಣದ ಗುರುಮನೆಯಾದ ಬ್ರಿಟನ್ನಿನಲ್ಲಿ ಸರಕಾರ ರೈಲು ಓಡಿಸುವ ಹಕ್ಕನ್ನೇ ಖಾಸಗಿ ಕಂಪೆನಿಗಳಿಗೆ ಗುತ್ತಿಗೆ ಕೊಟ್ಟಿತು. ಆ ಕರಾರುಗಳು ಎಷ್ಟು ಜಟಿಲವೆಂದರೆ ಬರೆಯಲೂ ಹೊರಗಿನ ವಕೀಲರು, ಲೆಕ್ಕ ನೋಡಲೂ ಹೊರಗಿನ ಸಲಹೆಗಾರರು ಬೇಕು. 2012ರ ಅಕ್ಟೋಬರಿನಲ್ಲಿ ಪಶ್ಚಿಮ ಕರಾವಳಿ ಮಾರ್ಗದ ಟೆಂಡರು ಲೆಕ್ಕದ ತಪ್ಪಿನಿಂದ ಕುಸಿದುಬಿದ್ದು ರದ್ದಾಯಿತು. ತೆರಿಗೆದಾರರಿಗೆ ಕನಿಷ್ಠ 5 ಕೋಟಿ ಪೌಂಡ್ ನಷ್ಟವೆಂದು ಅವರ ಸಂಸತ್ತಿನ ಲೆಕ್ಕಪತ್ರ ಸಮಿತಿಯೇ ಹೇಳಿತು. ಕೊನೆಗೆ 2024ರಲ್ಲಿ ಕಾನೂನು ಮಾಡಿ ರೈಲುಗಳನ್ನು ಒಂದೊಂದಾಗಿ ಸರಕಾರದ ಕೈಗೇ ಮರಳಿಸತೊಡಗಿದರು. ಅಲ್ಲಿಯೂ ಹಣ ಹೋಯಿತು, ನಿಜ. ಆದರೆ ಹೋದ ಹಣವನ್ನು ಸಂಸತ್ತಿನ ಸಮಿತಿ ಅಧಿಕಾರಿಗಳನ್ನು ಎದುರು ಕೂರಿಸಿ ಕೇಳಿತು, ವರದಿಯನ್ನು ಅಚ್ಚು ಹಾಕಿತು. ನಮ್ಮಲ್ಲಿ ಮೂಡಲಗಿಯ ಒಬ್ಬ ನಾಗರಿಕ ಹತ್ತು ರೂಪಾಯಿಯ ಅರ್ಜಿ ಹಾಕಿ ಕಾಯಬೇಕಾಯಿತು.

ಇಷ್ಟಾದರೂ ನೆರೆರಾಜ್ಯಗಳ ಮೇಲಿನ ವ್ಯಾಜ್ಯವನ್ನು ಹೇಗೋ ನುಂಗಿಕೊಳ್ಳಬಹುದು. ಅದು ನಮ್ಮ ನೀರಿಗಾಗಿ. ನುಂಗಲಾರದ ತುತ್ತು ಬೇರೆಯೇ ಇದೆ. ಇದೇ ಸರಕಾರ, ಇದೇ ಬೊಕ್ಕಸದಿಂದ, ತನ್ನದೇ ರೈತರ ವಿರುದ್ಧವೂ ವಕೀಲರನ್ನು ನಿಲ್ಲಿಸುತ್ತದೆ. ಹಿನ್ನೀರಿಗೆ, ಕಾಲುವೆಗೆ ಹೊಲ ಕೊಟ್ಟವನು ಅಧಿಕಾರಿ ಕಟ್ಟಿದ ಬೆಲೆ ಸಾಲದೆಂದು ವಿಜಯಪುರದ ಕೋರ್ಟಿಗೆ ಹೋಗುತ್ತಾನೆ. ಸಾಕ್ಷ್ಯ ನೋಡಿ ನ್ಯಾಯಾಧೀಶರು ಪರಿಹಾರ ಹೆಚ್ಚಿಸುತ್ತಾರೆ. ಸರಕಾರ ಮೇಲ್ಮನವಿಯೊಂದಿಗೆ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಓಡುತ್ತದೆ. ರೈತನೂ ಹಿಂದೆ ಹೋಗಬೇಕು. ಬಸ್ಸಿನ ಖರ್ಚು ಅವನದು, ವಕೀಲರ ಫೀಸು ಅವನದು. ಎದುರಿನ ವಕೀಲರ ಫೀಸಿನಲ್ಲೂ ಅವನು ಕಟ್ಟಿದ ತೆರಿಗೆಯ ಪಾಲಿದೆ!

ಇದರಿಂದ ಬೊಕ್ಕಸಕ್ಕೆ ಉಳಿತಾಯವಾಗುತ್ತದೆಂದು ಯಾರೂ ಭ್ರಮಿಸಬೇಕಾಗಿಲ್ಲ. 1894ರ ಭೂಸ್ವಾಧೀನ ಕಾಯ್ದೆಯಡಿ ಹೆಚ್ಚಿಸಿದ ಪರಿಹಾರಕ್ಕೆ ಮೊದಲ ವರ್ಷ ಶೇಕಡಾ 9, ಮುಂದೆ ವರ್ಷಕ್ಕೆ ಶೇಕಡಾ 15 ಬಡ್ಡಿ. ಹತ್ತು ಲಕ್ಷ ಹೆಚ್ಚುವರಿ ಪರಿಹಾರವನ್ನು ಹತ್ತು ವರ್ಷ ಎಳೆದಾಡಿದರೆ ಬಡ್ಡಿಯೇ 14 ಲಕ್ಷದ 40 ಸಾವಿರ. ಬ್ಯಾಂಕಿನಲ್ಲಿ ಇಷ್ಟು ದುಬಾರಿ ಸಾಲ ತೆಗೆಯುವ ಅಧಿಕಾರಿಯನ್ನು ಅಮಾನತು ಮಾಡುತ್ತಿದ್ದರು. ಕೋರ್ಟಿನಲ್ಲಿ ತೆಗೆದರೆ ಅದು ಸರಕಾರದ ಹಿತ ಕಾಯುವುದಂತೆ! ಹಣ ಕಟ್ಟದೆ ಕೊನೆಗೆ ಕೋರ್ಟಿನ ಅಮೀನರು ಬಂದು ಕಚೇರಿಯ ಕುರ್ಚಿ, ಕಂಪ್ಯೂಟರು, ಜೀಪು ಜಪ್ತಿ ಮಾಡಿದ ಸುದ್ದಿ ಈ ಭಾಗದ ಪತ್ರಿಕೆ ಓದುವವರಿಗೆ ಹೊಸತಲ್ಲ. ಕುರ್ಚಿ ಹೋದ ಮೇಲೆ ಹಣ ಬರುತ್ತದೆ. ಮೊದಲೇ ಬಂದಿದ್ದರೆ ಆ ರೈತನ ಮಗಳ ಮದುವೆ ಸಾಲವಿಲ್ಲದೆ ಮುಗಿಯುತ್ತಿತ್ತು, ಅಥವಾ ಅವನು ಬೇರೆ ಕಡೆ ಎರಡು ಎಕರೆ ಕೊಳ್ಳುತ್ತಿದ್ದ.

"ಸಾಹೇಬ್ರ, ದಿಲ್ಲ್ಯಾಗ ನನ್ನ ಪರವಾಗಿ ವಾದ ಮಾಡ್ತೀರಿ, ಕಲಬುರಗ್ಯಾಗ ನನ್ನ ಮ್ಯಾಲೇ ವಾದ ಮಾಡ್ತೀರಿ, ನಾ ಯಾರಂವ?" ಎಂದು ಬಬಲೇಶ್ವರದ ರೈತನೊಬ್ಬ ಕೇಳಿದರೆ ಯಾವ ಅಡ್ವೊಕೇಟ್ ಜನರಲ್ ಉತ್ತರಿಸುತ್ತಾರೆ?

2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಮೂರನೆಯ ಹಂತದ ಮುಳುಗಡೆ ಜಮೀನಿಗೆ ಬೆಲೆ ನಿಗದಿ ಮಾಡಿತು: ನೀರಾವರಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ. ಕೋರ್ಟಿನ ಬಾಗಿಲು ತಟ್ಟದೆ ಒಪ್ಪಂದದಿಂದ ಭೂಮಿ ಪಡೆಯುವುದೇ ಉದ್ದೇಶವೆಂದರು. ಒಳ್ಳೆಯದು. ಮೂವತ್ತು ವರ್ಷ ಮೊದಲೇ ಹೊಳೆದಿದ್ದರೆ ಇನ್ನೂ ಒಳ್ಳೆಯದಿತ್ತು. ಆದರೆ ಬೇಕಾಗಿರುವುದು 1,33,000 ಎಕರೆಗೂ ಹೆಚ್ಚು. ಹಣ ಯಾವ ವರ್ಷ ಎಷ್ಟು ಬರುತ್ತದೆಂಬುದು ಖಚಿತವಾಗದಿದ್ದರೆ ಒಪ್ಪಂದಕ್ಕೆ ಸಹಿ ಹಾಕಿದವನೂ ಮತ್ತೆ ಕರಿಕೋಟಿನವರ ಬಾಗಿಲಿಗೇ ಬರುತ್ತಾನೆ. ಅದೇ ವರ್ಷ ಸಾಂಗ್ಲಿ, ಕೊಲ್ಹಾಪುರಗಳ ನೆರೆಯ ನೆಪದಲ್ಲಿ ಆಲಮಟ್ಟಿಯ ಎತ್ತರಕ್ಕೆ ಮಹಾರಾಷ್ಟ್ರವೂ ವಿರೋಧ ಎತ್ತಿದೆ. ಅಂದರೆ ದಿಲ್ಲಿಯಲ್ಲಿ ಹೊಸ ವಕಾಲತ್ತು, ಹೊಸ ಫೀಸು.

ಆದ್ದರಿಂದ ಈ ಜಿಲ್ಲೆಯ ಶಾಸಕರಲ್ಲಿ, ಯಾವ ಪಕ್ಷದವರೇ ಇರಲಿ, ನಮ್ಮದೊಂದು ಮನವಿ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮುಂದಿನ ಅಧಿವೇಶನ ಕೂತಾಗ ಒಂದು ಚುಕ್ಕೆ ಗುರುತಿನ ಪ್ರಶ್ನೆ ಹಾಕಿ. 2017ರ ನಂತರ ಕೃಷ್ಣೆಗಾಗಿ ಯಾವ ವಕೀಲರಿಗೆ, ಎಷ್ಟು ದಿನದ ವಿಚಾರಣೆಗೆ, ಎಷ್ಟು ಕೊಡಲಾಗಿದೆ? ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸಂತ್ರಸ್ತರ ಮೇಲೆ ಸರಕಾರ ಮತ್ತು ಅದರ ನಿಗಮಗಳು ಎಷ್ಟು ಮೇಲ್ಮನವಿ ಹೂಡಿವೆ, ಎಷ್ಟರಲ್ಲಿ ಗೆದ್ದಿವೆ, ಕಟ್ಟಿದ ಬಡ್ಡಿ ಎಷ್ಟು? ಉತ್ತರವನ್ನು ಸದನದ ಮೇಜಿನ ಮೇಲಿಡಿಸಿ. ಬಂದ ಉತ್ತರವನ್ನು ಈ ಪುಟಗಳಲ್ಲಿ ಒಂದಕ್ಷರವೂ ಬಿಡದೆ ಅಚ್ಚು ಹಾಕುತ್ತೇವೆ.