ಮಳೆಗೆ ನೆನೆಯದ ಬಂಡೆ ಯಾರದು?

ಈ ಸಲದ ಗೋಡೆ ಪತ್ರಿಕೆಗೆ ಗುರುಗಳು ‘ಮಳೆಗಾಲ’ ಎಂಬ ವಿಷಯ ಕೊಟ್ಟಿದ್ದಾರೆ. ಕೆಲವರು ಬೆಳೆ ಬಗ್ಗೆ, ಕೆಲವರು ಕೆರೆ ಬಗ್ಗೆ, ಕೆಲವರು ಕಪ್ಪೆ ಬಗ್ಗೆ ಬರೆದಿದ್ದಾರೆ. ನಾನು ಬಂಡೆ ಬಗ್ಗೆ ಬರೆಯುತ್ತೇನೆ. ಮಳೆಗೂ ಬಂಡೆಗೂ ಏನು ಸಂಬಂಧ ಅಂತ ಈಗಲೇ ನಗಬೇಡಿ. ಪೂರ್ತಿ ಓದಿದ ಮೇಲೂ ನಗಬೇಕು ಅನ್ನಿಸಿದರೆ ನಗಿರಿ.

ನಮ್ಮದು ಆನೆಗೊಂದಿ ಸೀಮೆ. ಹೊಳೆ ಆಚೆ ಹಂಪಿ, ಈಚೆ ನಾವು. ಎತ್ತ ತಿರುಗಿದರೂ ಗುಂಡುಕಲ್ಲು. ವಾಲಿ ಸುಗ್ರೀವರು ಜಗಳದಲ್ಲಿ ಎಸೆದಾಡಿದ ಕಲ್ಲು ಇವು ಅಂತ ಊರಲ್ಲಿ ಕಥೆ ಹೇಳುತ್ತಾರೆ. ವಿಜ್ಞಾನದ ಪ್ರಕಾರ ಇವು ಗ್ರಾನೈಟ್ ಕಲ್ಲು. ವಯಸ್ಸು ಸುಮಾರು 250 ಕೋಟಿ ವರ್ಷ. ದೊಡ್ಡ ಬಂಡೆಯ ಬಿರುಕಿನಲ್ಲಿ ನೀರು ಇಳಿದು, ಮೂಲೆಗಳು ಸವೆದು ಸವೆದು, ಇದ್ದಲ್ಲೇ ಗುಂಡಗೆ ಆಗಿವೆ. ಅಂದರೆ ಈ ಗುಂಡುಗಳನ್ನು ಮಾಡಿದ್ದರಲ್ಲಿ ನೀರಿನ ಪಾಲು ದೊಡ್ಡದು.

ಈ ಕಲ್ಲು ಹತ್ತಲು ದೇಶ ವಿದೇಶದಿಂದ ಜನ ಬರುತ್ತಾರೆ. ಹಗ್ಗ ಕಟ್ಟಿಕೊಳ್ಳದೆ, ಬಹಳ ಎತ್ತರವಿಲ್ಲದ ಗುಂಡನ್ನು ಬರೀ ಕೈಕಾಲಿನಿಂದ ಹತ್ತುವ ಆಟಕ್ಕೆ ಬೌಲ್ಡರಿಂಗ್ ಎನ್ನುತ್ತಾರೆ. ಕೆಳಗೆ ದಪ್ಪನೆಯ ಹಾಸಿಗೆ ಹಾಕಿರುತ್ತಾರೆ. ಕೈ ಬೆವರಬಾರದು ಅಂತ ಬಿಳಿ ಪುಡಿ ಹಚ್ಚಿಕೊಳ್ಳುತ್ತಾರೆ. ಅದು ಮೆಗ್ನೀಸಿಯಂ ಕಾರ್ಬೊನೇಟ್. ಮೊದಲು ಇವರೆಲ್ಲ ಹೆಚ್ಚಾಗಿ ವಿರುಪಾಪುರ ಗಡ್ಡೆಯಲ್ಲಿ ಇಳಿದುಕೊಳ್ಳುತ್ತಿದ್ದರು. 2020ರಲ್ಲಿ ಅಲ್ಲಿಯ ರೆಸಾರ್ಟುಗಳನ್ನು ತೆಗೆಸಿದ ಮೇಲೆ ಸಾಣಾಪುರ, ಆನೆಗೊಂದಿ ಕಡೆ ಬರುವುದು ಹೆಚ್ಚಾಗಿದೆ.

ಚಳಿಗಾಲದಲ್ಲಿ ಇವರಿಗೆ ಯಾವ ಕಲ್ಲಾದರೂ ಆದೀತು. ಮಳೆಗಾಲದಲ್ಲಿ ಬಂದವರು ಕೇಳುವುದು ಒಂದೇ ಮಾತು: “ಒಣಗಿದ ಕಲ್ಲು ಎಲ್ಲಿದೆ?” ನಮ್ಮ ಹುಡುಗರು ನಾ ಮುಂದು ತಾ ಮುಂದು ಅಂತ ತೋರಿಸಲು ಓಡುತ್ತಾರೆ. ತೋರಿಸುವುದು ತಪ್ಪಲ್ಲ. ಆದರೆ ಎಲ್ಲಾ ಒಣ ಕಲ್ಲನ್ನೂ ತೋರಿಸಬಾರದು ಎಂಬುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುವ ಮೊದಲು, ಒಣ ಕಲ್ಲು ಹುಡುಕುವುದು ಹೇಗೆ ಅಂತ ಹೇಳುತ್ತೇನೆ. ಇದು ಕುರಿ ಕಾಯುವವರ ವಿದ್ಯೆ. ನಮ್ಮ ಅಜ್ಜನಿಂದ ನಾನು ಕಲಿತದ್ದು.

ಒಂದನೆಯದು, ಕಲ್ಲು ಮುಂದಕ್ಕೆ ಬಾಗಿರಬೇಕು. ನೆಟ್ಟಗೆ ನಿಂತ ಕಲ್ಲು ಗಾಳಿ ಮಳೆಗೆ ನೆನೆಯುತ್ತದೆ. ಬಾಗಿದ ಕಲ್ಲಿನ ಅಂಚನ್ನೂ ನೋಡಬೇಕು. ಅಂಚು ಚೂಪಾಗಿದ್ದರೆ ನೀರು ಅಲ್ಲೇ ಹನಿದು ಬೀಳುತ್ತದೆ. ಅಂಚು ದುಂಡಗಿದ್ದರೆ ನೀರು ಕಲ್ಲಿಗೆ ಅಂಟಿಕೊಂಡು ಒಳಗೆ ಹರಿಯುತ್ತದೆ. ಚೆಂಬಿನಿಂದ ನಿಧಾನಕ್ಕೆ ನೀರು ಬಗ್ಗಿಸಿದರೆ ಚೆಂಬಿನ ಹೊಟ್ಟೆ ಮೇಲೆ ಇಳಿಯುತ್ತದಲ್ಲ, ಹಾಗೆ.

ಎರಡನೆಯದು, ದಿಕ್ಕು. ಮುಂಗಾರು ಗಾಳಿ ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಆಗ ಪೂರ್ವಕ್ಕೆ ಬಾಯಿ ತೆರೆದ ಕಲ್ಲು ಒಣಗಿರುತ್ತದೆ. ಚಿತ್ತಿ, ಸ್ವಾತಿ ಮಳೆ ಹೊತ್ತಿಗೆ ಗಾಳಿ ತಿರುಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆದಾಗಲಂತೂ ಮಳೆ ಪೂರ್ವದಿಂದ ಹೊಡೆಯುತ್ತದೆ. ಆಗ ಅದೇ ಕಲ್ಲಿನ ಒಳಗೆಲ್ಲ ಎರಚಲು. ಅದಕ್ಕೆ ಕುರುಬರು ಜೂನ್‌ನಲ್ಲಿ ಕೂತ ಕಲ್ಲಿನ ಕೆಳಗೆ ಅಕ್ಟೋಬರ್‌ನಲ್ಲಿ ಕೂಡುವುದಿಲ್ಲ.

ಮೂರನೆಯದು, ಬಣ್ಣ. ಕಲ್ಲಿನ ಮೈಮೇಲೆ ಜಡೆ ಇಳಿಬಿಟ್ಟ ಹಾಗೆ ಕಪ್ಪು ಪಟ್ಟೆಗಳಿರುತ್ತವೆ. ಮಳೆ ಬಂದಾಗ ನೀರು ಹರಿಯುವ ದಾರಿ ಅದು. ಅಲ್ಲಿ ಪಾಚಿಯಂಥ ಸಣ್ಣ ಜೀವಿಗಳು ಬೆಳೆದು ಕಪ್ಪಾಗಿರುತ್ತದೆ. ನೆನೆದರೆ ಎಣ್ಣೆ ಹಚ್ಚಿದಂತೆ ಜಾರುತ್ತದೆ. ಪಟ್ಟೆ ಇಲ್ಲದ ತಿಳಿ ಬಣ್ಣದ ಜಾಗಕ್ಕೆ ನೀರು ಬರುವುದು ಕಡಿಮೆ. ಬಿಸಿಲಲ್ಲಿ ಹೋಗಿ ನೋಡಿದರೂ ಮಳೆಯಲ್ಲಿ ಯಾವುದು ಒಣಗಿರುತ್ತದೆ ಅಂತ ಇದರಿಂದ ಹೇಳಬಹುದು.

ನಾಲ್ಕನೆಯದು, ಕಲ್ಲಿನ ಬುಡ. ನಮ್ಮ ಅಜ್ಜ “ಕಲ್ಲು ನೋಡಬ್ಯಾಡ, ಬುಡ ನೋಡು” ಅಂತಾರೆ. ಬುಡದಲ್ಲಿ ಹುಲ್ಲು ಹಸಿರಾಗಿದ್ದರೆ ಅಲ್ಲಿ ನೀರು ಬೀಳುತ್ತದೆ. ನುಣ್ಣಗೆ ಧೂಳು ಇದ್ದರೆ ಬೀಳುವುದಿಲ್ಲ. ಆ ಧೂಳಿನಲ್ಲಿ ಬಟ್ಟಲಿನಂಥ ಪುಟ್ಟ ಪುಟ್ಟ ಕುಳಿಗಳು ಇರುತ್ತವೆ. ಒಂದು ಹುಳ ಕುಳಿ ತೋಡಿ ಕೆಳಗೆ ಅವಿತು ಕೂತು, ಜಾರಿ ಬಿದ್ದ ಇರುವೆಯನ್ನು ಹಿಡಿದು ತಿನ್ನುತ್ತದೆ. ನೀವೆಲ್ಲ ಕಡ್ಡಿ ಹಾಕಿ ಆಡಿಸಿದ್ದೀರಿ. ಈ ಹುಳಕ್ಕೆ ಒಣ ಧೂಳೇ ಬೇಕು. ಇದರ ಕುಳಿಗಳು ಬಹಳ ಇದ್ದರೆ ಅದು ಮಳೆ ಬೀಳದ ಜಾಗ ಅಂತ ನಂಬಬಹುದು.

ಐದನೆಯದು, ಕಲ್ಲು ಒಂಟಿಯಾಗಿರಬೇಕು. ಗುಡ್ಡಕ್ಕೆ ಒರಗಿದ ಕಲ್ಲಿನಲ್ಲಿ ಮಳೆ ನಿಂತ ಮೇಲೂ ಬಿರುಕಿನಿಂದ ನೀರು ಒಸರುತ್ತಲೇ ಇರುತ್ತದೆ. ಒಂಟಿ ಗುಂಡಿಗೆ ಸುತ್ತ ಗಾಳಿ ಆಡುವುದರಿಂದ ಬೇಗ ಆರುತ್ತದೆ.

ಹತ್ತುವವರಿಗೆ ಎರಡು ಎಚ್ಚರಿಕೆ. ಕೆಳಗೆ ಒಣಗಿದ್ದರೂ ತುದಿ ಒದ್ದೆ ಇರುತ್ತದೆ, ಅಲ್ಲೇ ಕಾಲು ಜಾರುವುದು. ತುದಿ ಮುಟ್ಟುವ ಆಸೆ ಬಿಟ್ಟು ಅರ್ಧಕ್ಕೇ ಇಳಿಯಬೇಕು. ಗುಡುಗು ಸಿಡಿಲು ಇದ್ದಾಗ ಬಂಡೆ ಮೇಲೂ ಬೇಡ, ಕೆಳಗೂ ಬೇಡ. ಆಳ ಇಲ್ಲದ ಪೊಟರೆಯಲ್ಲಿ ಕೂತರೂ ಸಿಡಿಲು ತಾಗುತ್ತದೆ. ಬಾದಾಮಿ ಹತ್ತಿರ ಸಿಡಿಲಪಡಿ ಎಂಬ ದೊಡ್ಡ ಕಲ್ಲಿನ ಆಸರೆ ಇದೆ. ಅದರ ಹೆಸರಿನಲ್ಲೇ ಸಿಡಿಲು ಇದೆ. ಬಾದಾಮಿಯದು ಮರಳುಗಲ್ಲು, ಅದು ನೀರು ಹೀರಿ ಮೆತ್ತಗಾಗುತ್ತದೆ. ಮೇಲೆ ಒಣಗಿದಂತೆ ಕಂಡರೂ ಹಿಡಿದ ತುಂಡು ಕೈಗೇ ಕಿತ್ತು ಬರಬಹುದು. ನಮ್ಮ ಗ್ರಾನೈಟ್ ಅಷ್ಟು ನೀರು ಹೀರುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಮೇಲೆ ಹೇಳಿದ ಐದು ಗುರುತುಗಳನ್ನು ಮೊದಲು ಕಂಡುಹಿಡಿದವರು ನಾವೂ ಅಲ್ಲ, ಬೌಲ್ಡರಿಂಗ್‌ನವರೂ ಅಲ್ಲ. ಸಾವಿರಾರು ವರ್ಷದ ಹಿಂದೆ ಇಲ್ಲಿ ಬೇಟೆ ಆಡಿ, ದನ ಮೇಯಿಸಿ ಬದುಕಿದ ಜನರಿಗೂ ಒಣ ಕಲ್ಲೇ ಬೇಕಿತ್ತು. ಅವರು ಅಂಥ ಕಲ್ಲಿನ ಕೆಳಗೆ ಕೂತರು. ಕೂತು ಕೆಂಪು ಕಾವಿಯಿಂದ ಚಿತ್ರ ಬರೆದರು. ಆನೆಗೊಂದಿ ಹತ್ತಿರ ಒನಕೆ ಕಿಂಡಿಯಲ್ಲಿ ಅಂಥ ಚಿತ್ರಗಳಿವೆ. ನಮ್ಮ ಗಂಗಾವತಿ ಸೀಮೆಯದೇ ಆದ ಹಿರೇಬೆಣಕಲ್‌ನಲ್ಲಿ, ಮೊರೇರ ಗುಡ್ಡಕ್ಕೆ ಹೋಗುವ ದಾರಿಯ ಕಲ್ಲುಗಳಲ್ಲೂ ಇವೆ. ಅದೇ ಗುಡ್ಡದ ಮೇಲೆ 2000 ವರ್ಷಕ್ಕೂ ಹಳೆಯ ಕಲ್ಲುಮನೆಗಳಿವೆ, ಮೊರೇರ ಮನೆ ಅಂತ ಕರೆಯುತ್ತೇವಲ್ಲ, ಅವು. 2021ರಲ್ಲಿ ಆ ಜಾಗ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಬಾದಾಮಿಯ ಸಿಡಿಲಪಡಿಯಲ್ಲೂ ಇತಿಹಾಸಪೂರ್ವ ಕಾಲದ ಚಿತ್ರಗಳಿವೆ. ಮಧ್ಯಪ್ರದೇಶದ ಭೀಮ್‌ಬೆಟ್ಕಾದಲ್ಲೂ ಹೀಗೆಯೇ. ಅಲ್ಲಿಯ ಚಿತ್ರಗಳನ್ನು 1957ರಲ್ಲಿ ವಾಕಣಕರ್ ಎಂಬ ವಿದ್ವಾಂಸರು ಗುರುತಿಸಿದರು. 2003ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು.

ಅವರು ಬಯಲಿನ ಬಂಡೆ ಮೇಲೂ ಬರೆದಿರಬಹುದು. ಬರೆದಿದ್ದರೆ ಮಳೆ ಯಾವಾಗಲೋ ತೊಳೆದು ಹಾಕಿರುತ್ತದೆ. ಉಳಿದದ್ದು ಒಣ ಕಲ್ಲಿನ ಮೇಲೆ ಬರೆದದ್ದು ಮಾತ್ರ.

ಗೆಳೆಯರೇ, ಇದನ್ನೇ ನಮ್ಮ ಕಡೆಯಿಂದ ಯೋಚಿಸಿ. ಬಯಲು ಬಂಡೆ ಮೇಲೆ ಬಿಳಿ ಪುಡಿಯ ಕೈಗುರುತು ಆದರೆ ನಾಲ್ಕು ಮಳೆಗೆ ಹೋಗುತ್ತದೆ. ಒಣ ಕಲ್ಲಿನ ಮೇಲೆ ಆದರೆ ತೊಳೆಯುವವರು ಯಾರು? ಮಳೆ ಅಲ್ಲಿಗೆ ಬರುವುದೇ ಇಲ್ಲ. ಹಿರಿಯರ ಚಿತ್ರವನ್ನು ಕಾಪಾಡಿದ ಒಣ ಕಲ್ಲೇ ನಮ್ಮ ಕೊಳೆಯನ್ನೂ ಕಾಪಾಡಿ ಇಡುತ್ತದೆ. ಇದಕ್ಕೇ ನಾನು ಎಲ್ಲಾ ಒಣ ಕಲ್ಲು ತೋರಿಸಬೇಡಿ ಎನ್ನುವುದು.

ಬರೀ ಹೊರಗಿನವರನ್ನು ದೂರಿದರೆ ನ್ಯಾಯ ಆಗುವುದಿಲ್ಲ. ಇದ್ದಿಲಿನಿಂದ ಹೆಸರು ಬರೆಯುವವರು, ಇಟ್ಟಂಗಿ ಚೂರಿನಿಂದ ಬಾಣದ ಗುರುತು ಕೆತ್ತುವವರು, ಮಳೆಯಲ್ಲಿ ಕೂತು ಮೆಕ್ಕೆತೆನೆ ಸುಡುವವರು ನಮ್ಮ ಕಡೆಯವರೇ. ಆ ಹೊಗೆ ಹೋಗಿ ಕೂರುವುದು ಕಲ್ಲಿನ ಸೂರಿಗೆ. ಇನ್ನು ಕೆಲವರು ಚಿತ್ರ ಚೆನ್ನಾಗಿ ಕಾಣಲಿ ಅಂತ ಬಾಟಲಿಯಿಂದ ನೀರು ಎರಚುತ್ತಾರೆ. ಒಂದು ಗಳಿಗೆ ಕೆಂಪಗೆ ಹೊಳೆಯುತ್ತದೆ ನಿಜ. ಆದರೆ ಇಷ್ಟು ವರ್ಷ ನೀರು ಮುಟ್ಟದ್ದಕ್ಕೇ ಉಳಿದ ಬಣ್ಣಕ್ಕೆ ನಾವೇ ನೀರು ಹಾಕಿದಂತಾಯಿತು.

ಇದನ್ನು ಓದಿ ಕೆಲವರು “ಹಾಗಾದರೆ ಕಲ್ಲು ಹತ್ತುವುದನ್ನೇ ನಿಲ್ಲಿಸಬೇಕು” ಎನ್ನಬಹುದು. ನಾನು ಒಪ್ಪುವುದಿಲ್ಲ. ಕಲ್ಲು ಹತ್ತುವುದು ಒಳ್ಳೆಯ ಆಟ. ಕೈಕಾಲಿಗೆ ಬಲ ಬರುತ್ತದೆ, ತಲೆಗೂ ಕೆಲಸ. 2021ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ಇದನ್ನು ಮೊದಲ ಸಲ ಸೇರಿಸಿದರು. ಸ್ಲೊವೇನಿಯಾ ದೇಶದ ಜಾನ್ಯಾ ಗಾರ್ನ್‌ಬ್ರೆಟ್ ಅಲ್ಲಿ ಚಿನ್ನ ಗೆದ್ದರು. 2024ರಲ್ಲಿ ಪ್ಯಾರಿಸ್‌ನಲ್ಲೂ ಅವರೇ ಗೆದ್ದರು. ಹುಡುಗಿಯರು ಕಲ್ಲು ಹತ್ತಬಾರದು ಎನ್ನುವವರು ಇದನ್ನು ಎರಡು ಸಲ ಓದಬೇಕು. ನಮ್ಮ ಸೀಮೆಯಲ್ಲಿ ಚಿತ್ರ ಇರುವ ಕಲ್ಲು ಕೆಲವು, ಚಿತ್ರ ಇಲ್ಲದ ಕಲ್ಲು ಲೆಕ್ಕವಿಲ್ಲದಷ್ಟು. ಆ ಕೆಲವನ್ನು ಬಿಟ್ಟರೆ ಆಟಕ್ಕೆ ಯಾವ ನಷ್ಟವೂ ಇಲ್ಲ.

ಇನ್ನು ಕೆಲವರು “ಮಾಸಿದ ನಾಲ್ಕು ಗೆರೆಗೆ ಇಷ್ಟೊಂದು ಯಾಕೆ?” ಎನ್ನುತ್ತಾರೆ. ನಾವು ಸಮಾಜ ವಿಜ್ಞಾನದಲ್ಲಿ ರಾಜರ ಹೆಸರು, ಇಸವಿ ಬಾಯಿಪಾಠ ಮಾಡುತ್ತೇವೆ. ರಾಜರು ಶಾಸನ ಬರೆಸಿದರು, ಗುಡಿ ಕಟ್ಟಿಸಿದರು, ಅದಕ್ಕೆ ಅವರ ಹೆಸರು ಗೊತ್ತು. ಅವರಿಗಿಂತ ಬಹಳ ಹಿಂದೆ ಇಲ್ಲಿ ದನ ಕಾಯ್ದವರಿಗೆ ಅಕ್ಷರ ಇರಲಿಲ್ಲ. ಎತ್ತು ಹೇಗಿತ್ತು, ಬೇಟೆ ಹೇಗಿತ್ತು ಅಂತ ಅವರು ತಮ್ಮ ಕೈಯಿಂದ ಹೇಳಿದ್ದು ಆ ಗೆರೆಗಳಲ್ಲಿ. ಅಳಿಸಿದರೆ ಇನ್ನೊಂದು ಪ್ರತಿ ಇಲ್ಲ. ಪಠ್ಯಪುಸ್ತಕ ಹರಿದರೆ ಶಾಲೆಯಲ್ಲಿ ಇನ್ನೊಂದು ಸಿಗಬಹುದು, ಇದು ಹಾಗಲ್ಲ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಗುರುಗಳ ಜೊತೆ ಹೋಗಿ ನಮ್ಮ ಊರಿನ ಒಣ ಕಲ್ಲುಗಳದು ಮೂರು ಪಟ್ಟಿ ಮಾಡೋಣ.

ಮೊದಲನೆಯ ಪಟ್ಟಿ, ಹತ್ತುವ ಕಲ್ಲು. ಚಿತ್ರ ಇಲ್ಲದ, ದೇವರು ಇಲ್ಲದ, ಕೆಳಗೆ ಬೀಳಲು ಸಮತಟ್ಟು ಜಾಗ ಇರುವವು. ಯಾರು ಕೇಳಿದರೂ ಇವನ್ನು ತೋರಿಸೋಣ.

ಎರಡನೆಯ ಪಟ್ಟಿ, ಕೂಡುವ ಕಲ್ಲು. ಕುರಿ ಕಾಯುವವರು ಮಳೆಯಲ್ಲಿ ನಿಲ್ಲುವಂಥವು. ಇಲ್ಲಿ ಹಾಸಿಗೆ ಹಾಸಿ ಜಾಗ ಹಿಡಿಯಬಾರದು. ಆಟಕ್ಕೆ ಬಂದವರು ನಾಳೆ ಬರಬಹುದು. ಕುರಿಮರಿ ಹೊತ್ತುಕೊಂಡು ನೆನೆಯುತ್ತಾ ಬಂದವರಿಗೆ ಈಗಲೇ ಜಾಗ ಬೇಕು. ಚಿರತೆ, ಕರಡಿ ಇರುವ ಗುಡ್ಡದ ಗವಿಗಳ ಕಡೆ ಯಾರೂ ಹೋಗುವುದೇ ಬೇಡ, ಅವಕ್ಕೂ ಮಳೆ ಬರುತ್ತದೆ.

ಮೂರನೆಯ ಪಟ್ಟಿ, ಮುಟ್ಟದ ಕಲ್ಲು. ಒಂದು ಕೆಂಪು ಗೆರೆ ಕಂಡರೂ ಅದು ಈ ಪಟ್ಟಿಗೆ. ಸಂಶಯ ಇದ್ದರೂ ಈ ಪಟ್ಟಿಗೆ. ಈ ಮೂರನೆಯ ಪಟ್ಟಿಯನ್ನು ಮಾತ್ರ ಗೋಡೆಗೆ ಹಚ್ಚಬಾರದು. ಅದು ಗುರುಗಳ ಕಪಾಟಿನಲ್ಲಿ ಇರಲಿ, ಒಂದು ಪ್ರತಿ ಪಂಚಾಯಿತಿಗೆ ಕೊಡೋಣ. ಆ ಕಲ್ಲಿನ ಮೇಲೆ ಬಣ್ಣದಿಂದ ‘ಮುಟ್ಟಬೇಡಿ’ ಅಂತ ಬರೆಯುವುದೂ ಬೇಡ. ಅದೂ ಅಳಿಯುವುದಿಲ್ಲ.

ಹೊರಗಿನವರು ಬಂದಾಗ ಏನು ಹೇಳಬೇಕು? ನಮಗೆ ಇಂಗ್ಲಿಷ್ ಬರುವುದಿಲ್ಲ ಅಂತ ಹಿಂಜರಿಯಬೇಡಿ. ಚಿತ್ರದ ಕಡೆ ಬೆರಳು ಮಾಡಿ, ಕೈ ಅಡ್ಡ ಆಡಿಸಿ, ಬೇರೆ ಕಲ್ಲಿನ ಕಡೆ ಕರೆದುಕೊಂಡು ಹೋಗಿ. ಅಷ್ಟು ದೂರದಿಂದ ಕಲ್ಲಿನ ಮೇಲಿನ ಪ್ರೀತಿಗೆ ಬಂದವರು, ಹೇಳಿದರೆ ತಿಳಿದುಕೊಳ್ಳುತ್ತಾರೆ. ಹೇಳುವವರು ನಾವೇ ಆಗಬೇಕು. ಯಾಕೆಂದರೆ ಮಳೆಗಾಲದಲ್ಲಿ ಗುಡ್ಡದ ಮೇಲೆ ಕಾವಲುಗಾರರು ಇರುವುದಿಲ್ಲ, ನಾವು ಇರುತ್ತೇವೆ.

ಮಳೆಗೆ ನೆನೆಯದ ಬಂಡೆ ಯಾರದು ಅಂತ ಮೇಲೆ ಕೇಳಿದ್ದೆ. ಹತ್ತುವವರದು ಸ್ವಲ್ಪ, ಕುರಿ ಕಾಯುವವರದು ಸ್ವಲ್ಪ, ಧೂಳಿನ ಹುಳದ್ದು ಸ್ವಲ್ಪ. ಚಿತ್ರ ಇರುವ ಬಂಡೆ ಮಾತ್ರ ಚಿತ್ರ ಬರೆದವರದು ಮತ್ತು ಮುಂದೆ ಹುಟ್ಟುವವರದು. ನಡುವೆ ಇರುವ ನಮ್ಮ ಕೆಲಸ ಕಾಯುವುದು.

ಇದು ನನ್ನ ಅಭಿಪ್ರಾಯ. ಒಪ್ಪದಿದ್ದವರು ಕೆಳಗೆ ಖಾಲಿ ಬಿಟ್ಟ ಜಾಗದಲ್ಲಿ ಪೆನ್ಸಿಲಿನಿಂದ ಬರೆಯಿರಿ. ನಿಮಗೆ ಗೊತ್ತಿರುವ ಒಣ ಕಲ್ಲುಗಳ ಹೆಸರನ್ನೂ ಬರೆಯಿರಿ, ಚಿತ್ರ ಇರುವುದಾದರೆ ಗುರುಗಳ ಕಿವಿಯಲ್ಲಿ ಹೇಳಿರಿ. ಬರೆಯುವ ಆಸೆ ಜಾಸ್ತಿ ಇದ್ದವರಿಗೆ ಈ ಗೋಡೆ ಪತ್ರಿಕೆ ಇದೆ. ಇಲ್ಲಿ ಬರೆಯಿರಿ, ಬಂಡೆ ಮೇಲೆ ಬೇಡ.

– 7ನೇ ತರಗತಿಯ ಒಬ್ಬ ವಿದ್ಯಾರ್ಥಿನಿ