ಮನೇಲೇ ಮಾಡಿದ್ದಲ್ವಾ, ಇಷ್ಟೊಂದು ಯಾಕೆ?

ಮನೆಯಲ್ಲಿ ಬಳೆ, ಓಲೆ, ಸರ ಮಾಡಿ ಮಾರುವ ಹೆಂಗಸರು ದಿನಾ ಕೇಳಿಸಿಕೊಳ್ಳುವ ಪ್ರಶ್ನೆ ಇದು. ಕೇಳುವವರು ಬೇರೆ ಯಾರೂ ಅಲ್ಲ, ನಾವೇ. ನಮ್ಮ ಮುಂಬಯಿಯ ಕನ್ನಡ ಸಂಘಗಳ ಕಾರ್ಯಕ್ರಮದಲ್ಲಿ ಸಭಾಂಗಣದ ಹೊರಗೆ ನಾಲ್ಕು ಮೇಜು ಹಾಕಿರುತ್ತಾರೆ. ಒಂದರ ಮೇಲೆ ಶೇಂಗಾ ಚಟ್ನಿ, ಹಪ್ಪಳ. ಪಕ್ಕದಲ್ಲಿ ರೇಷ್ಮೆ ದಾರ ಸುತ್ತಿದ ಬಳೆ, ಖಣದ ಬಟ್ಟೆಯ ಓಲೆ. "ಅಯ್ಯೋ ಎಷ್ಟು ಚಂದ ಅದಾವ್ರೀ ವೈನಿ!" ಅಂತ ಹೊಗಳಿ, ರೇಟು ಕೇಳಿ, ಅರ್ಧಕ್ಕೆ ಚೌಕಾಸಿ ಮಾಡಿ, ಕೊನೆಗೆ ಹಾಗೇ ಮುಂದೆ ಹೋಗುತ್ತೇವೆ. ಈ ವಿಷಯದಲ್ಲಿ ನನಗೊಂದು ತಕರಾರಿದೆ, ಅದನ್ನೇ ಇಲ್ಲಿ ಹೇಳಿಬಿಡುತ್ತೇನೆ.

ಮೊದಲು ನಿಮಗಾಗಿ ನೀವು ಮಾಡಿಕೊಳ್ಳುವುದರ ಬಗ್ಗೆ. ಖಂಡಿತ ಮಾಡಿಕೊಳ್ಳಿ. ಅಷ್ಟು ಸುಲಭದ ಉಳಿತಾಯ ಇನ್ನೊಂದಿಲ್ಲ. ಖಣದ ಓಲೆಯನ್ನೇ ತಗೊಳ್ಳಿ. ರವಿಕೆ ಹೊಲಿಸಿದ ಮೇಲೆ ಟೇಲರ್ ಹತ್ತಿರ ಉಳಿದ ತುಂಡು ಕೇಳಿ ತನ್ನಿ. ದಪ್ಪ ರಟ್ಟನ್ನು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾಗಿ ದುಂಡಗೆ ಕತ್ತರಿಸಿ. ಎರಡು ಪದರ ಅಂಟಿಸಿದರೆ ಬಾಗುವುದಿಲ್ಲ. ಮೇಲೆ ಬಟ್ಟೆ ಅಂಟಿಸಿ, ಅಂಚಿಗೆ ಜರಿ ಲೇಸ್ ಸುತ್ತಿ, ರಾತ್ರಿಯಿಡೀ ಒಣಗಲು ಬಿಡಿ. ಬೆಳಿಗ್ಗೆ ದಬ್ಬಣದಿಂದ ತೂತು ಮಾಡಿ, ಸಣ್ಣ ಉಂಗುರ ಹಾಕಿ, ಕೊಕ್ಕೆ ಸಿಕ್ಕಿಸಿದರೆ ಮುಗಿಯಿತು. ಉಂಗುರ ಬಿಚ್ಚುವಾಗ ಎರಡೂ ತುದಿ ಅಗಲಿಸಿ ಎಳೆಯಬೇಡಿ, ಒಂದನ್ನು ಮುಂದೆ, ಒಂದನ್ನು ಹಿಂದೆ ತಿರುಗಿಸಿ. ಎಳೆದರೆ ಅದು ಮತ್ತೆ ಸರಿಯಾಗಿ ಕೂಡುವುದಿಲ್ಲ, ಓಲೆ ಎಲ್ಲೋ ದಾರಿಯಲ್ಲಿ ಬಿದ್ದುಹೋಗುತ್ತದೆ.

ಕೊಕ್ಕೆಗೆ ಮಾತ್ರ ಜಿಪುಣತನ ಬೇಡ. "ಆಕ್ಸಿಡೈಸ್ಡ್" ಅಂತ ಕಪ್ಪಗೆ ಹೊಳೆಯುವ ಸಾಮಾನಿನಲ್ಲಿ ಜರ್ಮನ್ ಸಿಲ್ವರ್ ಬಹಳ. ಹೆಸರಲ್ಲಿ ಸಿಲ್ವರ್ ಇದ್ದರೂ ಅದರಲ್ಲಿ ಬೆಳ್ಳಿ ಇಲ್ಲ, ತಾಮ್ರ, ನಿಕ್ಕಲ್ ಮತ್ತು ಸತುವಿನ ಮಿಶ್ರಣ ಅದು. ನಿಕ್ಕಲ್ ಕೆಲವರಿಗೆ ಆಗಿಬರುವುದಿಲ್ಲ. ಕಿವಿ ತುರಿಸಿ, ಕೆಂಪಾಗಿ, ನೀರು ಒಸರುತ್ತದೆ. ಒಳ್ಳೆಯ ಸ್ಟೀಲ್ ಅಥವಾ ಬೆಳ್ಳಿಯ ಕೊಕ್ಕೆ ಹಾಕಿ.

ಖಣದ ಬಗ್ಗೆ ಒಂದು ಮಾತು. ಇಲ್ಲಿ ಮುಂಬಯಿ, ಪುಣೆಯಲ್ಲಿ ಕೆಲವು ವರ್ಷಗಳಿಂದ ಖಣದ್ದೇ ಫ್ಯಾಶನ್. ಖಣದ ಸೀರೆ, ಖಣದ ಪರ್ಸ್, ಖಣದ ಸರ. ಇಲ್ಲಿಯ ಹುಡುಗಿಯರು ಇದು ಅಪ್ಪಟ ಮರಾಠಿ ಬಟ್ಟೆ ಅಂದುಕೊಂಡಿದ್ದಾರೆ. ಆದರೆ ಖಣದ ತವರು ನಮ್ಮ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಅಲ್ಲಿ ನೇಯ್ದದ್ದು ತಲೆಮಾರುಗಳಿಂದ ಮಹಾರಾಷ್ಟ್ರದ ಪೇಟೆಗೆ ಬರುತ್ತಿದೆ. ಉಡಿ ತುಂಬಲು ಅವರಿಗೂ ಖಣ ಬೇಕು, ನಮಗೂ ಖಣ ಬೇಕು. ಅದಕ್ಕೇ ಈ ಓಲೆ ಕಂಡರೆ ನನಗೆ ಸ್ವಲ್ಪ ಜಾಸ್ತಿ ಪ್ರೀತಿ.

ಈಗ ಮಾರಾಟದ ವಿಷಯ. ನಮ್ಮ ಕಟ್ಟಡದ ಒಬ್ಬ ವೈನಿ ಖಣದ ಓಲೆ ಮಾಡುತ್ತಾರೆ, ಜೋಡಿಗೆ 60 ರೂಪಾಯಿ. "ಸಾಮಾನಿಗೆ 30 ರೂಪಾಯಿ ಬೀಳ್ತದ, ಡಬಲ್ ಸಿಗ್ತದಲ್ರೀ" ಅನ್ನುತ್ತಾರೆ. ಒಂದು ಸಂಜೆ ಇಬ್ಬರೂ ಕೂತು ಅವರ ನೋಟ್‌ಬುಕ್ ತೆಗೆದು ಲೆಕ್ಕ ಹಾಕಿದೆವು. 40 ಜೋಡಿಗೆ ಸಾಮಾನಿನ ಖರ್ಚು 1,200. ಮೇಜಿನ ಬಾಡಿಗೆಯಲ್ಲಿ ಅವರ ಪಾಲು 500. ಎಲ್ಲಾ ಮಾರಿಹೋದರೆ ಬರುವುದು 2,400. ಉಳಿದದ್ದು 700. ಇನ್ನು ಸಮಯ: ಜೋಡಿಗೆ ಅರ್ಧ ಗಂಟೆಯಂತೆ 20 ಗಂಟೆ. ಡೊಂಬಿವಲಿಯಿಂದ ಭುಲೇಶ್ವರಕ್ಕೆ ಹೋಗಿ ಸಾಮಾನು ತರಲು 6 ಗಂಟೆ. ಎರಡು ದಿನ ಮೇಜಿನ ಹಿಂದೆ ನಿಂತದ್ದು 16 ಗಂಟೆ. ಒಟ್ಟು 42 ಗಂಟೆ. ಗಂಟೆಗೆ 17 ರೂಪಾಯಿಯೂ ಬೀಳಲಿಲ್ಲ! ರೈಲಿನ ಟಿಕೆಟ್ಟು, ಹಾಳಾದ ತುಂಡುಗಳು, ಮಾರದೇ ಉಳಿದದ್ದು ಇದರಲ್ಲಿ ಸೇರಿಲ್ಲ.

ವೈನಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗ್ಲಿ ಬಿಡ್ರಿ, ಹೆಂಗಿದ್ರೂ ಟಿವಿ ಮುಂದ ಕೂತೇ ಇರ್ತೀನಲ್ಲ" ಅಂದರು.

ನನ್ನ ತಕರಾರು ಈ ಮಾತಿನ ಮೇಲೇ. ಹೆಂಗಸು ಮನೆಯಲ್ಲಿ ಕೂತಿದ್ದಾಳೆ ಅಂದಮಾತ್ರಕ್ಕೆ ಅವಳ ಹೊತ್ತು ಪುಕ್ಕಟೆಯೇ? ಅದೇ ಕಟ್ಟಡದಲ್ಲಿ ಟ್ಯೂಷನ್ ಹೇಳುವ ಮೇಷ್ಟ್ರಿಗೆ ಯಾರೂ "ಮನೇಲೇ ಹೇಳೋದಲ್ವಾ, ಇಷ್ಟೊಂದು ಯಾಕೆ?" ಅಂತ ಕೇಳುವುದಿಲ್ಲ.

ಇಲ್ಲಿ ಕೆಲವರು "ಲೋಕಲ್ ಟ್ರೇನಿನಲ್ಲಿ 20 ರೂಪಾಯಿಗೆ ಓಲೆ ಸಿಗುತ್ತಲ್ಲ, ನಿಮ್ಮದಕ್ಕೆ 120 ಯಾರು ಕೊಡ್ತಾರೆ?" ಅನ್ನಬಹುದು. ನ್ಯಾಯವಾದ ಪ್ರಶ್ನೆ. ಆದರೆ ಲೇಡೀಸ್ ಡಬ್ಬಿಯಲ್ಲಿ ದೊಡ್ಡ ರಟ್ಟಿಗೆ ನೇತುಹಾಕಿಕೊಂಡು ಬರುವ ಆ ಓಲೆ ಎಲ್ಲಿ ತಯಾರಾಯಿತು ಗೊತ್ತೇ? ಎಲ್ಲವೂ ಯಂತ್ರದಿಂದ ಉದುರಿದ್ದಲ್ಲ. ಮಲಾಡ್ ಕಡೆ ಇಮಿಟೇಶನ್ ಆಭರಣದ ದೊಡ್ಡ ಉದ್ಯಮವೇ ಇದೆ. ಹರಳು ಅಂಟಿಸುವುದು, ಮಣಿ ಪೋಣಿಸುವುದು, ಉಂಗುರ ಸಿಕ್ಕಿಸುವಂಥ ಕೆಲಸ ಚಾಳಿನ, ಝೋಪಡಿಯ ಒಂದೇ ಕೋಣೆಯ ಮನೆಗಳಿಗೆ ಹೋಗುತ್ತದೆ. ಕೂಲಿ ಡಜನ್ನಿಗೆ ಇಷ್ಟು, ಗ್ರೋಸಿಗೆ ಇಷ್ಟು ಅಂತ. ಒಂದು ಗ್ರೋಸ್ ಅಂದರೆ 144 ತುಂಡು. ಅಂದರೆ ಟ್ರೇನಿನ ಓಲೆಯಲ್ಲೂ ಮನೆಯಲ್ಲಿ ಕೂತ ಹೆಂಗಸಿನ ಕೈಯಿದೆ. ವ್ಯತ್ಯಾಸ ಇಷ್ಟೇ: ಆ ಹೆಂಗಸಿನ ಕೂಲಿಯನ್ನು ಬೇರೆ ಯಾರೋ ನಿಗದಿ ಮಾಡಿದ್ದಾರೆ, ನಮ್ಮ ವೈನಿ ತನ್ನ ಕೂಲಿಯನ್ನು ತಾನೇ ಇಳಿಸಿಕೊಂಡಿದ್ದಾರೆ.

ಇದು ಬರೀ ಓಲೆಯ ಮಾತಲ್ಲ. ಮನೆಯಲ್ಲಿ ಕೂತು ದುಡಿಯುವವರೂ ಕಾರ್ಮಿಕರೇ ಅಂತ ಒಪ್ಪಿಸಲು ಇಳಾ ಭಟ್ ಅವರು 1972ರಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ 'ಸೇವಾ' ಸಂಘಟನೆ ವರ್ಷಗಟ್ಟಲೆ ಹೋರಾಡಿತು. 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಗೆಲಸಗಾರರಿಗಾಗಿಯೇ, ಅಂದರೆ ಹೀಗೆ ಮನೆಯಲ್ಲೇ ಸರಕು ತಯಾರಿಸುವವರಿಗಾಗಿಯೇ, 177ನೇ ಒಡಂಬಡಿಕೆ ಮಾಡಿತು. ಭಾರತ ಇನ್ನೂ ಅದನ್ನು ಅನುಮೋದಿಸಿಲ್ಲ. ಸರ್ಕಾರದ್ದು ಹಾಗಿರಲಿ, ಕಟ್ಟಡದೊಳಗೆ ನಾವಾದರೂ ಒಪ್ಪಿಕೊಳ್ಳಬಹುದಲ್ಲ?

ಮಾರುವವರಿಗೆ ನನ್ನದು ಇಷ್ಟೇ ಸಲಹೆ. ಟ್ರೇನಿನ ಮಾಲಿನ ಜೊತೆ ಪೈಪೋಟಿ ಬೇಡ, ನೀವು ಸೋಲುತ್ತೀರಿ. ಟ್ರೇನು ಕೊಡಲಾಗದ್ದನ್ನು ಮಾಡಿ. ಗಿರಾಕಿಯ ಸೀರೆಯದೇ ತುಂಡಿನಿಂದ ಜೋಡಿ ಓಲೆ, ಮಗುವಿನ ಸಣ್ಣ ಕೈಯ ಅಳತೆಗೆ ಬಳೆ, ತುರಿಸದ ಕೊಕ್ಕೆ, ಹರಿದ ಸರ ಮತ್ತೆ ಪೋಣಿಸಿ ಕೊಡುವುದು. ಸಾಮಾನಿನ ಬೆಲೆಯ ಜೊತೆಗೆ ಗಂಟೆಯ ಕೂಲಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ವೈನಿಯ ಅದೇ 40 ಜೋಡಿ 120ರಂತೆ ಹೋದರೆ ಗಂಟೆಗೆ 70 ರೂಪಾಯಿ ದಾಟುತ್ತದೆ. 40ರಲ್ಲಿ 25 ಮಾತ್ರ ಮಾರಿದರೂ ಕೈಗೆ ಬರುವುದು ಮೊದಲಿನ 700ಕ್ಕಿಂತ ಹೆಚ್ಚೇ.

ಕೊಳ್ಳುವವರಿಗೆ ಏನು ಹೇಳಲಿ? ಕೊಳ್ಳಲೇಬೇಕು ಅಂತೇನಿಲ್ಲ. ದುಬಾರಿ ಅನಿಸಿದರೆ ನಕ್ಕು ಮುಂದೆ ಹೋಗಿ, ಅಥವಾ ಮೇಲೆ ಹೇಳಿದ ಹಾಗೆ ಮನೆಯಲ್ಲೇ ಮಾಡಿ ನೋಡಿ. ಒಂದು ಜೋಡಿ ಮಾಡುವಷ್ಟರಲ್ಲಿ ಸೊಂಟ ಹಿಡಿದುಕೊಂಡು, ಬೆರಳಿಗೆಲ್ಲ ಅಂಟು ಮೆತ್ತಿಕೊಂಡಾಗ, ಆ 120 ರೂಪಾಯಿ ಯಾಕೆ ಅಂತ ಗೊತ್ತಾಗುತ್ತದೆ. ಆದರೆ ಮಾಲ್‌ನಲ್ಲಿ ಚೀಟಿಯ ಮೇಲಿನ ರೇಟಿಗೆ ತುಟಿಪಿಟಕ್ಕೆನ್ನದೆ ಕಾರ್ಡು ಉಜ್ಜಿ ಬಂದು, ಪಕ್ಕದ ಮನೆಯ ವೈನಿಯ ಹತ್ತಿರ ಹತ್ತು ರೂಪಾಯಿಗೆ ಜಗ್ಗಾಡುವುದನ್ನಾದರೂ ನಿಲ್ಲಿಸೋಣ.