ಮನೆಯ ಸರ್ವರು, ಊರಿನ ನೆನಪು

ಗಡಿನಾಡಿನ ಹಳೆಯ ಮನೆಗಳ ಅಟ್ಟದಲ್ಲಿ ಒಂದು ಕಾಲಕ್ಕೆ ತಾಳೆಗರಿಯ ಕಟ್ಟುಗಳಿದ್ದವು. ಬಳಿಕ ತಾಳಮದ್ದಳೆಯ ಕ್ಯಾಸೆಟ್ಟುಗಳು ಬಂದವು. ಈಗ ಅವುಗಳ ಸ್ಥಾನವನ್ನು ಗಣಕದ ಡಿಸ್ಕುಗಳು ಹಿಡಿದಿವೆ. ಹಳೆಯ ಲ್ಯಾಪ್‌ಟಾಪೊಂದಕ್ಕೆ ಲಿನಕ್ಸ್ ತುಂಬಿಸಿ, ನೆಕ್ಸ್ಟ್‌ಕ್ಲೌಡ್‌ನಂತಹ ತಂತ್ರಾಂಶವನ್ನು ಸ್ಥಾಪಿಸಿ, ಮನೆಯೊಳಗೇ ಸರ್ವರು ನಡೆಸುವುದು ಇಂದು ಕಷ್ಟದ ಕೆಲಸವಲ್ಲ. ಆದರೆ ಸ್ಥಾಪಿಸುವುದು ಒಂದು ದಿನದ ಉತ್ಸಾಹ. ಸಾಕುವುದು ವರ್ಷಗಳ ವ್ರತ.

ಈ ಮಾತು ನಮಗೆ ಬರಿಯ ಹವ್ಯಾಸದ್ದಲ್ಲ. ಕನ್ನಡ ಶಾಲೆಯ ಬೆಳ್ಳಿಹಬ್ಬದ ಸ್ಮರಣಸಂಚಿಕೆ, ಊರ ಭಾಗವತರ ಧ್ವನಿಮುದ್ರಣ, ಹಿರಿಯರ ಪತ್ರವ್ಯವಹಾರ ಮುಂತಾದವುಗಳಿಗೆ ಬೇರೆಲ್ಲೂ ಪ್ರತಿಯಿಲ್ಲದಿರುವುದೇ ಹೆಚ್ಚು. ಎಂಟು ಗಂಟೆಗಳ ಆಟವೊಂದನ್ನು ಸಿ.ಡಿ. ಗುಣಮಟ್ಟದಲ್ಲಿ ಸಂಕುಚಿಸದೆ ಇರಿಸಿದರೆ ಸುಮಾರು 5 ಜಿಬಿ ಬೇಕು. ಅಂದರೆ 1 ಟಿಬಿ ಡಿಸ್ಕಿನಲ್ಲಿ 190ಕ್ಕೂ ಹೆಚ್ಚು ರಾತ್ರಿಗಳ ಆಟ ಅಡಗೀತು. ಮಳೆಗಾಲದ ಒಂದು ಸಿಡಿಲಿಗೆ ಅಷ್ಟೂ ಒಮ್ಮೆಗೇ ಹೋದೀತು.

ಮೊದಲನೆಯದು ನಿರ್ವಹಣೆ. ಸುರಕ್ಷಾ ಪರಿಷ್ಕರಣೆಗಳನ್ನು ತಡಮಾಡದೆ ಹಾಕಬೇಕು. ಡೆಬಿಯನ್‌ನಂತಹ ವ್ಯವಸ್ಥೆಗಳಲ್ಲಿ ಅವು ತಾವಾಗಿಯೇ ಬಂದು ಕೂರುವಂತೆ ಏರ್ಪಡಿಸಬಹುದು. ಹೊರಗಿನಿಂದ ಸರ್ವರನ್ನು ತಲುಪಬೇಕೆಂದು ಬಾಗಿಲುಗಳನ್ನೆಲ್ಲ ಅಂತರಜಾಲಕ್ಕೆ ತೆರೆದಿಡುವುದು ತರವಲ್ಲ. 2020ರಿಂದ ಲಿನಕ್ಸ್ ಕರ್ನೆಲ್ಲಿನ ಅಂಗವೇ ಆಗಿರುವ ವೈರ್‌ಗಾರ್ಡ್ ಎಂಬ ಗುಪ್ತ ಸುರಂಗದ ಮೂಲಕ ಒಳಬರುವುದು ಲೇಸು. ವಿದ್ಯುತ್ತು ಹೋಗಿಬರುವ ಊರಿನಲ್ಲಿ ಯುಪಿಎಸ್ ಅಲಂಕಾರವಲ್ಲ, ಅಗತ್ಯ. ಸಿಡಿಲಿನ ಸಂಜೆಗಳಲ್ಲಿ ಸರ್ವರನ್ನು ಕ್ರಮವಾಗಿ ನಿಲ್ಲಿಸಿ, ವಿದ್ಯುತ್ತಿನ ತಂತಿಯೊಡನೆ ಜಾಲದ ತಂತಿಯನ್ನೂ ಕಳಚಬೇಕು. ಸಿಡಿಲು ಯಾವ ತಂತಿಯ ದಾರಿಯಾಗಿಯೂ ಬರಬಲ್ಲುದು.

ಎರಡನೆಯದು ಕಾವಲು. ಡಿಸ್ಕು ಕೆಡುವ ಮುನ್ನ ಹಲವು ವೇಳೆ ಸೂಚನೆ ಕೊಡುತ್ತದೆ. ಸ್ಮಾರ್ಟ್ ಎಂಬ ಸ್ವಯಂತಪಾಸಣೆಯ ವರದಿಯಲ್ಲಿ, ಕೆಟ್ಟು ಬದಲಿಸಲಾದ ಭಾಗಗಳ ಸಂಖ್ಯೆ ಏರತೊಡಗಿದರೆ ಹೊಸ ಡಿಸ್ಕಿಗೆ ಸಿದ್ಧರಾಗಬೇಕು. ಆದರೆ ಸೂಚನೆಯೇ ಇಲ್ಲದೆ ಸಾಯುವ ಡಿಸ್ಕುಗಳೂ ಉಂಟು. ಆದ್ದರಿಂದ ವರದಿ ನಿರ್ಮಲವಾಗಿದೆಯೆಂದು ಮೈಮರೆಯಬಾರದು. ಉಳಿದ ಜಾಗ, ಯಂತ್ರದ ಬಿಸಿ ಇವೆರಡನ್ನೂ ಗಮನಿಸಬೇಕು. ಕಾವಲುಗಾರನು ಬೇರೊಂದು ಯಂತ್ರದಲ್ಲಿರಬೇಕೆಂಬುದನ್ನು ಮರೆಯದಿರಿ. ಸತ್ತ ಯಂತ್ರವು ತನ್ನ ಸಾವಿನ ಸುದ್ದಿಯನ್ನು ತಾನೇ ಕಳಿಸಲಾರದು.

ಮೂರನೆಯದೂ ಮುಖ್ಯವಾದುದೂ ಪ್ರತಿಸಂಗ್ರಹ. ಎರಡು ಡಿಸ್ಕುಗಳನ್ನು ರೇಡ್ ಕ್ರಮದಲ್ಲಿ ಜೋಡಿಸಿದರೆ ಸಾಕೆಂಬ ಭ್ರಮೆ ವ್ಯಾಪಕವಾಗಿದೆ. ಒಂದು ಡಿಸ್ಕು ಸತ್ತರೆ ಅದು ಕಾಪಾಡುತ್ತದೆ, ನಿಜ. ಆದರೆ ಕೈತಪ್ಪಿ ಅಳಿಸಿದ ಕಡತವು ಎರಡರಿಂದಲೂ ಅದೇ ಕ್ಷಣದಲ್ಲಿ ಮಾಯವಾಗುತ್ತದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ 3-2-1 ಸೂತ್ರವೇ ದಾರಿ. ರೆಸ್ಟಿಕ್, ಬೋರ್ಗ್ ಮೊದಲಾದ ಉಚಿತ ತಂತ್ರಾಂಶಗಳು ಗೂಢಲಿಪಿಯಲ್ಲಿ ಪ್ರತಿಗಳನ್ನು ಮಾಡುವುದರಿಂದ, ನೆಂಟರ ಮನೆಯಲ್ಲಿರಿಸಿದ ಡಿಸ್ಕನ್ನೂ ಅನ್ಯರು ಓದಲಾರರು. ಗುಪ್ತಪದವನ್ನು ಮರೆತರೆ ನಾವೂ ಓದಲಾರೆವು!

ಪ್ರತಿಯಿದೆಯೆಂಬ ನಂಬಿಕೆಯೇ ಪ್ರತಿಯಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಮುಖ್ಯ ದತ್ತಸಂಚಯವು ಅಚಾತುರ್ಯದಿಂದ ಅಳಿದುಹೋಯಿತು. ದಿನವೂ ಪ್ರತಿ ಮಾಡಬೇಕಾಗಿದ್ದ ಏರ್ಪಾಡು ತಂತ್ರಾಂಶದ ಆವೃತ್ತಿಭೇದದಿಂದ ಕೆಲಸವನ್ನೇ ಮಾಡುತ್ತಿರಲಿಲ್ಲ. ಆ ವೈಫಲ್ಯವನ್ನು ತಿಳಿಸುವ ಮಿಂಚಂಚೆಗಳೂ ಯಾರನ್ನೂ ತಲುಪುತ್ತಿರಲಿಲ್ಲ. ಕೆಲವು ಗಂಟೆಗಳ ಹಿಂದೆ ಬೇರೊಂದು ಕೆಲಸಕ್ಕಾಗಿ ತೆಗೆದಿದ್ದ ಪ್ರತಿಯೊಂದು ಸಿಕ್ಕಿತೆಂದು ನಷ್ಟವು ಸುಮಾರು ಆರು ಗಂಟೆಗಳ ದತ್ತಕ್ಕೆ ಸೀಮಿತವಾಯಿತು. ಇದರಿಂದ ಕಲಿಯಬೇಕಾದುದು ಎರಡು. ಕೆಲಸ ಕೆಟ್ಟಾಗ ಸುದ್ದಿ ಬರಲೆಂದು ಕಾಯದೆ, ಕೆಲಸ ಆದಾಗ ಸುದ್ದಿ ಬರುವಂತೆ ಮಾಡಿ, ಬಾರದ ದಿನ ಎಚ್ಚರಗೊಳ್ಳಬೇಕು. ತಿಂಗಳಿಗೊಮ್ಮೆ ಒಂದೆರಡು ಕಡತಗಳನ್ನು ಪ್ರತಿಯಿಂದ ಹಿಂದಕ್ಕೆ ಪಡೆದು, ತೆರೆದು ನೋಡಬೇಕು.

ಪ್ರತಿ ಮಾಡಿಸುವ ಧರ್ಮವು ಕನ್ನಡಕ್ಕೆ ಹೊಸತಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ನಮ್ಮ ಸಾಹಿತ್ಯಚರಿತ್ರೆಯ ಪ್ರಸಿದ್ಧ ಸಂಗತಿ. ಪ್ರತಿಗಳನ್ನು ಆಕೆ ಒಂದೇ ಭಂಡಾರದಲ್ಲಿ ಬೀಗವಿಕ್ಕಿ ಇಡಲಿಲ್ಲ, ಹಂಚಿದಳು. ಅದೇ ಅದರ ಮರ್ಮ.

ಕೊನೆಯದಾಗಿ ಒಂದು ಮಾತು. ನಮ್ಮ ಮನೆಗಳ ತರುಣರು ಉದ್ಯೋಗಕ್ಕೆಂದು ಬೆಂಗಳೂರಿಗೋ ಕೊಲ್ಲಿನಾಡಿಗೋ ಹೊರಡುವವರು. ಸರ್ವರು ಕಟ್ಟಿದವನು ಹೊರಟ ಮೇಲೆ ಅದನ್ನು ಬಲ್ಲವರು ಯಾರು? ಯಂತ್ರದ ವಿವರ, ಪ್ರತಿಗಳಿರುವ ತಾಣ, ಗುಪ್ತಪದ, ಹಿಂಪಡೆಯುವ ಕ್ರಮ ಇವನ್ನು ಕಾಗದದ ಮೇಲೆ ಬರೆದು, ಮನೆಯ ಆಸ್ತಿಪತ್ರಗಳ ಜೊತೆಗಿಡಬೇಕು. ಬರೆಯುವಾಗ ಕನ್ನಡದಲ್ಲೇ ಬರೆಯಿರಿ. ಆ ಹಾಳೆಯನ್ನು ಮುಂದೊಂದು ದಿನ ತೆರೆಯುವವರು ನಿಮ್ಮ ತಾಯಿಯೇ ಆಗಿರಬಹುದು.